ಮೈಕಿಲ್ಲದ ಹಾಡು, ಮುಗಿಯದ ಮಾತು

ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಕುರುಚಲು ಗುಡ್ಡ, ನಡುವೆ ಜೋಳ, ಸೇಂಗಾ, ಮೆಕ್ಕೆಜೋಳದ ಹೊಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಂತೆ ಹರಡಿರುವ ಸೀಮೆ ಇದು. ಬಹುಕಾಲ ಬಳ್ಳಾರಿ ಜಿಲ್ಲೆಯ ಪಡುವಣ ತಾಲ್ಲೂಕುಗಳೆಂದೇ ಇವು ಹೆಸರಾಗಿದ್ದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ಸೇರಿ ವಿಜಯನಗರ ಜಿಲ್ಲೆಯಾದವು. ಮಳೆ ಕಡಿಮೆಯಾದ ಈ ನೆಲದಲ್ಲಿ ಹಾಡಿಗೆ ಮಾತ್ರ ಬರ ಬಂದದ್ದಿಲ್ಲ.

ಜಾತ್ರೆಯ ದಿನಗಳಲ್ಲಿ ಇಲ್ಲಿಗೆ ಬಂದವರಿಗೆ ಮೊದಲು ಕೇಳುವುದು ಧ್ವನಿವರ್ಧಕ. ತೇರುಬೀದಿಯ ಕಂಬಕಂಬಕ್ಕೂ ಕಟ್ಟಿದ ಗಂಟಲುಗಳು ಒಂದರ ಮೇಲೊಂದು ಕೂಗುತ್ತವೆ. ಈ ಸದ್ದನ್ನು ದಾಟಿ ಹಳ್ಳಿಯ ಒಳಗೆ ಹೋದರೆ ಇನ್ನೊಂದು ಬಗೆಯ ಸಂಗೀತವಿದೆ. ಅದಕ್ಕೆ ವೇದಿಕೆ ಬೇಡ, ವಿದ್ಯುತ್ತು ಬೇಡ. ಹಾಡುವವರೂ ಕೇಳುವವರೂ ಒಂದೇ ಚಾಪೆಯ ಎರಡು ತುದಿಯಲ್ಲಿರುತ್ತಾರೆ. ಹಾಡು ನಿಂತೊಡನೆ ಕೇಳುಗ ಪ್ರಶ್ನೆ ಕೇಳಬಹುದು, ಹಾಡಿದವರು ಉತ್ತರ ಕೊಡುತ್ತಾರೆ. ಉತ್ತರ ಕೆಲವೊಮ್ಮೆ ಹಾಡಿಗಿಂತ ಉದ್ದವಾಗುತ್ತದೆ.

ದೊಡ್ಡ ದೊಡ್ಡ ಬ್ಯಾಂಡುಗಳ ನಾಡಾದ ಅಮೆರಿಕದಲ್ಲಿ 1989ರಲ್ಲಿ ಎಂಟಿವಿ ವಾಹಿನಿ ‘ಅನ್‌ಪ್ಲಗ್ಡ್’ ಎಂಬ ಕಾರ್ಯಕ್ರಮ ಆರಂಭಿಸಿದಾಗ ಜನ ಬೆರಗಾದರು. ಪ್ರಸಿದ್ಧ ಗಾಯಕರು ವಿದ್ಯುತ್ ವಾದ್ಯಗಳನ್ನು ಬದಿಗಿಟ್ಟು ಬರಿಯ ಗಿಟಾರ್ ಹಿಡಿದು, ಕೈಯಳತೆಯಲ್ಲಿ ಕುಳಿತ ಕೆಲವೇ ಜನರ ಮುಂದೆ ಹಾಡಿದ್ದೇ ಸುದ್ದಿಯಾಯಿತು. ಅಲ್ಲಿ ಹೊಸತೆನಿಸಿದ ಈ ಕ್ರಮ ಇಲ್ಲಿನ ಜೋಗತಿಯರಿಗೆ ನಿತ್ಯದ ಬಾಳು.

ಸದ್ದಲೇ!

ಈ ಸೀಮೆಯ ಜನಕ್ಕೆ ಕೇಳಿಸಿಕೊಳ್ಳುವ ಕಲೆ ಹೊಸತಲ್ಲ ಎನ್ನುವುದಕ್ಕೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರವೇ ಸಾಕ್ಷಿ. ಭರತ ಹುಣ್ಣಿಮೆಯ ಬೆನ್ನಿಗೆ ಅಲ್ಲಿ ಕಾರಣಿಕೋತ್ಸವ ನಡೆಯುತ್ತದೆ. ಎತ್ತಿನ ಗಾಡಿ, ಟ್ರ್ಯಾಕ್ಟರು, ಬಸ್ಸು ಹಿಡಿದು ಬಂದ ಲಕ್ಷಾಂತರ ಜನ ಬಯಲಿನಲ್ಲಿ ನೆರೆದಿರುತ್ತಾರೆ. ಕಂಬಳಿ ಹೊದ್ದ ಗೊರವಯ್ಯಗಳ ಡಮರುಗದ ಸದ್ದು, ‘ಏಳು ಕೋಟಿ’ ಘೋಷ, ಮಕ್ಕಳ ಅಳು, ಮಿಠಾಯಿ ಅಂಗಡಿಯ ಕೂಗು ಎಲ್ಲವೂ ಕಲಸಿಕೊಂಡಿರುತ್ತವೆ. ಆಗ ಕಾರಣಿಕದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಒಂದು ಗಳಿಗೆ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಸಾಲು ಹೇಳಿ ಆತ ಕೆಳಗೆ ಬೀಳುತ್ತಾನೆ. ಮಳೆ ಬೆಳೆ, ರಾಜಕೀಯ, ಮನೆಯ ಮದುವೆ ಎಲ್ಲಕ್ಕೂ ಆ ಸಾಲಿನ ಅರ್ಥ ಹಚ್ಚುತ್ತಾ ಜನ ಮನೆಗೆ ಮರಳುತ್ತಾರೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಒಂದು ಮಾತಿಗಾಗಿ ಸುಮ್ಮನಾಗುವ ಶಿಸ್ತು ಮಾತ್ರ ಗಮನಿಸತಕ್ಕದ್ದು.

ಹರಪನಹಳ್ಳಿಯದು ಇನ್ನೊಂದು ಬಗೆ. ಹತ್ತೊಂಬತ್ತನೆಯ ಶತಮಾನದ ಹರಿದಾಸಿ ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಅಂಕಿತದಲ್ಲಿ ಕಟ್ಟಿದ ಹಾಡುಗಳು ಸಭೆಗಾಗಿ ಹುಟ್ಟಿದವಲ್ಲ. ಹಬ್ಬ, ಮದುವೆ, ಆರತಿಗಳಲ್ಲಿ ಹೆಂಗಸರು ಬಾಯಿಂದ ಬಾಯಿಗೆ ದಾಟಿಸುತ್ತ ಬಂದದ್ದರಿಂದಲೇ ಅವು ಉಳಿದವು. ನಡುಮನೆಯೇ ಸಭಾಂಗಣ, ಪಕ್ಕದಲ್ಲಿ ಕುಳಿತ ಸೊಸೆಯೇ ಶಿಷ್ಯೆ. ಹಾಡಿನ ನಡುವೆ ಹುಡುಗಿಯೊಬ್ಬಳು ಅರ್ಥ ಕೇಳಿದರೆ ಹಿರಿಯಳು ನಿಲ್ಲಿಸಿ ಹೇಳಬೇಕಾಗುತ್ತಿತ್ತು.

ಹೀಗೆ ಬಯಲು, ನಡುಮನೆ ಎರಡನ್ನೂ ಬಲ್ಲ ಈ ನೆಲದಲ್ಲಿ ಬೀದಿಯನ್ನೂ ಅಂಗಳವನ್ನೂ ತನ್ನದಾಗಿಸಿಕೊಂಡದ್ದು ಚೌಡಿಕೆ ಪದ.

ಕಂಕುಳಲ್ಲಿ ಹಿಡಿದ ವಾದ್ಯ

ಚೌಡಿಕೆ ನೋಡಲು ಸಣ್ಣ ಕೊಳಗದಂತೆ ಕಾಣುತ್ತದೆ. ಮರದ ಅಥವಾ ಲೋಹದ ಪೊಳ್ಳು ಕೊಳವೆಯ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಚರ್ಮದ ನಡುವಿನಿಂದ ಹೊರಟ ತಂತಿ ಕೊಳವೆಯೊಳಗಿಂದ ಹಾದು, ಪಕ್ಕಕ್ಕೆ ಕಟ್ಟಿದ ಕೋಲಿನ ತುದಿಯ ಬಿರಡೆಗೆ ಸುತ್ತಿಕೊಂಡಿರುತ್ತದೆ. ಕಂಕುಳಲ್ಲಿ ಒತ್ತಿಹಿಡಿದು ಸಣ್ಣ ಕಡ್ಡಿಯಿಂದ ತಂತಿಯನ್ನು ಮೀಟುತ್ತಾರೆ. ತಂತಿಯ ಕಂಪನ ನೇರವಾಗಿ ಚರ್ಮಕ್ಕೆ ತಾಗುವುದರಿಂದ ಒಂದೇ ಪೆಟ್ಟಿಗೆ ತಂತಿವಾದ್ಯದ ನಾದವೂ ಚರ್ಮವಾದ್ಯದ ಗುಮುಕೂ ಒಟ್ಟಿಗೆ ಹೊರಡುತ್ತವೆ. ಬಿಗಿ ಹೆಚ್ಚಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ಓದಿದ ತಂತಿಯ ಕಂಪನದ ನಿಯಮ ಇಲ್ಲಿ ಕಿವಿಗೇ ಕೇಳಿಸುತ್ತದೆ. ಬಂಗಾಳದ ಬಾವುಲರು ಹಿಡಿಯುವ ಖಮಕ್ ಎಂಬ ವಾದ್ಯವೂ ಇದೇ ತತ್ವದ್ದು. ಅವರದ್ದೂ ಊರೂರು ತಿರುಗುವ, ಕುಳಿತು ಹಾಡುವ, ಕೇಳಿದವರಿಗೆ ಉತ್ತರ ಹೇಳುವ ಸಂಪ್ರದಾಯವೇ.

ಚೌಡಿಕೆಯ ಜೊತೆಗೆ ಒಂದು ಶ್ರುತಿ, ಒಂದು ಜೊತೆ ತಾಳ. ಇಷ್ಟಿದ್ದರೆ ಮೇಳ ಪೂರ್ಣ. ಮುಂದಾಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನೆತ್ತಿಕೊಂಡು ಮರಳಿ ಹಾಡುತ್ತಾರೆ. ಆ ಮರುಹಾಡಿನ ಬಿಡುವಿನಲ್ಲಿ ಮುಂದಾಳು ಮುಂದಿನ ಸಾಲನ್ನು ನೆನಪಿನಿಂದ ತೆಗೆಯುತ್ತಾರೆ. ಬರೆದ ಪುಸ್ತಕವಿಲ್ಲ. ರಾತ್ರಿಯಿಡೀ ನಡೆಯುವ ಎಲ್ಲಮ್ಮನ ಕಥೆ ಹೀಗೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತದೆ.

ಕಥೆ ಎಲ್ಲರಿಗೂ ತಿಳಿದದ್ದೇ. ರೇಣುಕೆ ಹಸಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ಗಂಡನ ಪೂಜೆಗೆ ನೀರು ತರುತ್ತಾಳೆ. ಒಂದು ದಿನ ಮನಸ್ಸು ಅಲುಗಿ ಮರಳ ಕೊಡ ನಿಲ್ಲದೆ ಹೋಗುತ್ತದೆ. ಸಿಟ್ಟಾದ ಜಮದಗ್ನಿ ತಾಯಿಯ ತಲೆ ಕಡಿಯಲು ಮಕ್ಕಳಿಗೆ ಹೇಳುತ್ತಾನೆ. ಪರಶುರಾಮ ಒಪ್ಪುತ್ತಾನೆ, ಉಳಿದವರು ಒಪ್ಪುವುದಿಲ್ಲ. ಒಪ್ಪದ ಮಕ್ಕಳಿಗೆ ಗಂಡಸುತನ ಕಳೆಯುವ ಶಾಪ ತಗುಲಿತೆಂದು ಜೋಗಪ್ಪಗಳಲ್ಲಿ ಒಂದು ಹೇಳಿಕೆಯಿದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯೊಬ್ಬರು ಈ ಕಥೆ ಹಾಡುವಾಗ ಆ ಸಾಲಿಗೆ ಬೇರೆಯೇ ತೂಕ ಬರುತ್ತದೆ. ತಾಯಿಯ ಮೇಲೆ ಕೊಡಲಿಯೆತ್ತದವರ ವಂಶ ತಮ್ಮದೆಂಬ ಭಾವ ಅದರಲ್ಲಿದೆ.

ಮರಿಯಮ್ಮನಹಳ್ಳಿಯ ಹಾದಿ

ಹರಿಹರದಿಂದ ಹೊರಟ ರೈಲುಹಾದಿ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ ದಾಟಿ ಹೊಸಪೇಟೆ ಸೇರುತ್ತದೆ. ಹೊಸಪೇಟೆ–ಕೊಟ್ಟೂರು ಮಾರ್ಗ 1905ರಷ್ಟು ಹಳೆಯದು. ಕೊಟ್ಟೂರಿನಿಂದಾಚೆಗಿನ ಹಳಿ ಬಂದದ್ದು ಈ ಶತಮಾನದಲ್ಲಿ. ಹಾದಿಯಲ್ಲಿ ಸಿಗುವ ಕೊಟ್ಟೂರು ಗುರು ಕೊಟ್ಟೂರೇಶ್ವರನ ತೇರಿಗೂ, ಕಾದಂಬರಿಕಾರ ಕುಂ. ವೀರಭದ್ರಪ್ಪನವರ ಹುಟ್ಟೂರೆಂದೂ ಹೆಸರಾದದ್ದು. ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರದ ಕೆರೆ ಹಕ್ಕಿಗಳಿಂದ ತುಂಬಿರುತ್ತದೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು.

ಮರಿಯಮ್ಮನಹಳ್ಳಿ ಹೊಸಪೇಟೆ ತಾಲ್ಲೂಕಿಗೆ ಸೇರಿದ್ದು, ವಿಧಾನಸಭೆಗೆ ಮಾತ್ರ ಹಗರಿಬೊಮ್ಮನಹಳ್ಳಿ ಕ್ಷೇತ್ರ. ಹೆದ್ದಾರಿಯ ಬದಿಯ ಈ ಊರು ಕಲಾವಿದರ ತವರೆಂದೇ ಪ್ರಸಿದ್ಧ. ವೃತ್ತಿರಂಗಭೂಮಿಯ ನಟಿ ಕೆ. ನಾಗರತ್ನಮ್ಮನವರ ಊರು ಇದೇ. ಜೋಗತಿ ಕಲೆಯನ್ನು ನಾಡಿಗೆಲ್ಲ ಪರಿಚಯಿಸಿದ ಮಂಜಮ್ಮ ಜೋಗತಿಯವರು ನೆಲೆನಿಂತದ್ದೂ ಇಲ್ಲಿಯೇ.

ಮಂಜಮ್ಮ ಹುಟ್ಟಿದ್ದು ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ, ಮಂಜುನಾಥ ಶೆಟ್ಟಿಯಾಗಿ. ಎಸ್‌ಎಸ್‌ಎಲ್‌ಸಿವರೆಗೆ ಓದಿದ ಹುಡುಗ. ಹದಿಹರೆಯಕ್ಕೆ ಬರುವಷ್ಟರಲ್ಲಿ ತನ್ನೊಳಗಿರುವುದು ಹೆಣ್ಣು ಎಂಬುದು ತಿಳಿಯತೊಡಗಿತು. ಮನೆಯವರಿಗೆ ಇದು ದೈವದ ಕಾಟವೆಂದು ತೋರಿತು. ಹೊಸಪೇಟೆಗೆ ಸಮೀಪದ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಉಡಿದಾರ ಕಡಿಸಿ, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿಸಿದರು. ಮಗ ಹೋದನೆಂದು ತಾಯಿ ಅತ್ತರು. ಕೆಲಕಾಲದಲ್ಲಿ ಮನೆಯ ಬಾಗಿಲೂ ಮುಚ್ಚಿತು. ಸಾಯಲು ಹೊರಟು ಬದುಕುಳಿದದ್ದು, ಭಿಕ್ಷೆ ಬೇಡಿದ್ದು, ಇಡ್ಲಿ ಮಾಡಿ ಮಾರಿದ್ದು, ಮಕ್ಕಳಿಗೆ ಟ್ಯೂಷನ್ ಹೇಳಿದ್ದು ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಎಂಬ ಅವರ ಆತ್ಮಕಥನದಲ್ಲಿ ಇವೆಲ್ಲ ದಾಖಲಾಗಿವೆ.

ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಮ್ಮೆ ತಂದೆಯೊಬ್ಬ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ಕಂಡದ್ದೇ ಮಂಜಮ್ಮನ ಬದುಕಿನ ತಿರುವು. ಅವರಿಂದ ಹೆಜ್ಜೆ ಕಲಿತರು. ಮುಂದೆ ಕಾಳವ್ವ ಜೋಗತಿ ಗುರುವಾಗಿ ಸಿಕ್ಕರು. ಕಾಳವ್ವನ ಮೇಳದಲ್ಲಿ ಕುಣಿದು, ಹಾಡಿ, ಅವರ ನಂತರ ಮೇಳವನ್ನು ಮಂಜಮ್ಮನೇ ಮುನ್ನಡೆಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರು. 2021ರಲ್ಲಿ ಪದ್ಮಶ್ರೀ. ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಹಳ್ಳಿಯ ಅಂಗಳದಲ್ಲಿ ಕಾಳು ನೀಡಿದ ಮನೆಯವರನ್ನು ಜೋಗತಿ ಹರಸುವುದೂ ಹೀಗೆಯೇ.

ಹಾಡು ನಿಂತಾಗ

ದೊಡ್ಡ ವೇದಿಕೆಯ ಮೇಲೆ ಜೋಗತಿ ನೃತ್ಯ ಹತ್ತು ನಿಮಿಷದ ಐಟಂ. ಕೊಡ ಹೊತ್ತು ಕುಣಿಯುವುದು, ಕುಣಿಯುತ್ತಲೇ ಬಾಗುವುದು, ಕುಳಿತು ಏಳುವುದು, ಚಪ್ಪಾಳೆ. ಆದರೆ ಮೇಳವೊಂದು ಮನೆಯಂಗಳದಲ್ಲೋ ಶಾಲೆಯ ಪಡಸಾಲೆಯಲ್ಲೋ ಕುಳಿತು ಹಾಡುವಾಗ ಬೇರೆಯೇ ಅನುಭವ. ಇಪ್ಪತ್ತು ಮೂವತ್ತು ಜನರಿದ್ದರೆ ಹೆಚ್ಚು. ಚೌಡಿಕೆಯ ಬಿರಡೆ ತಿರುವುವ ಕಿರುಗುಟ್ಟುವಿಕೆ ಕೇಳುತ್ತದೆ. ಸಾಲಿನ ತುದಿಯಲ್ಲಿ ಹಾಡುಗಾರ್ತಿ ಉಸಿರೆಳೆದುಕೊಳ್ಳುವುದು ಕೇಳುತ್ತದೆ. ಕಾಲಿನ ಗೆಜ್ಜೆ ತಾಳಕ್ಕೆ ಕೂಡಿತೋ ತಪ್ಪಿತೋ ಎಂಬುದೂ ತಿಳಿಯುತ್ತದೆ. ಮೈಕು ಮರೆಮಾಚುವ ಯಾವುದನ್ನೂ ಇಲ್ಲಿ ಮರೆಮಾಚಲಾಗದು.

ಪದ ಒಂದು ಘಟ್ಟಕ್ಕೆ ಬಂದು ನಿಂತಾಗ ಮಾತು ಶುರುವಾಗುತ್ತದೆ. ಮಕ್ಕಳ ಮೊದಲ ಪ್ರಶ್ನೆ ಸಾಮಾನ್ಯವಾಗಿ ಕೊಡದ್ದೇ: ಅದು ಬೀಳುವುದಿಲ್ಲವೇ? ಬೇವಿನ ಸೊಪ್ಪು, ದೇವಿಯ ಮುಖ, ನವಿಲುಗರಿಗಳಿಂದ ಸಿಂಗರಿಸಿದ ಆ ಕೊಡವನ್ನು ತಲೆಗೆ ಕಟ್ಟಿರುವುದಿಲ್ಲ. ನೋಟ ಒಂದೆಡೆ ನೆಟ್ಟು, ಕತ್ತು ನೆಟ್ಟಗಿಟ್ಟು, ಏರಿಳಿತವನ್ನೆಲ್ಲ ಸೊಂಟ ಮೊಣಕಾಲುಗಳಿಗೆ ಬಿಡುವುದೇ ಅದರ ಗುಟ್ಟು. ಬಾವಿಯಿಂದ ಎರಡು ಕೊಡ ನೀರು ಹೊತ್ತು ತರುತ್ತಿದ್ದ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಮಕ್ಕಳ ಪ್ರಶ್ನೆ ಬೇರೆ. ಮನೆಯವರು ಮರಳಿ ಸೇರಿಸಿಕೊಂಡರೇ? ಹೆಸರು ಬದಲಾದಾಗ ಏನನ್ನಿಸಿತು? ಇಂಥ ಪ್ರಶ್ನೆಗಳಿಗೆ ತಂದೆತಾಯಿಗಳು ಇರಿಸುಮುರಿಸಿನಿಂದ ಮಕ್ಕಳ ಮೊಣಕೈ ತಿವಿಯುವುದುಂಟು. ಮಂಜಮ್ಮನವರು ಇಂಥ ಪ್ರಶ್ನೆಗಳಿಂದ ತಪ್ಪಿಸಿಕೊಂಡವರಲ್ಲ. ಮಕ್ಕಳು ಬೇರೆಯಾಗಿ ಕಂಡರೆ ಅವರನ್ನು ಮನೆಯಿಂದ ಹೊರದಬ್ಬಬೇಡಿ, ಓದಿಸಿ ಎಂಬುದು ಅವರು ಹೋದಲ್ಲೆಲ್ಲ ಪೋಷಕರಿಗೆ ಹೇಳಿಕೊಂಡು ಬಂದ ಮಾತಿನ ಸಾರ. ಅವರು ಮನೆ ಬಿಟ್ಟ ಕಾಲಕ್ಕೂ ಇಂದಿಗೂ ವ್ಯತ್ಯಾಸವಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ 1ರ ಮೀಸಲಾತಿ ತಂದಿತು. ಆದರೆ ಕಾನೂನು ಕಚೇರಿಯ ಬಾಗಿಲು ತೆರೆಸಬಹುದು. ಮನೆಯ ಬಾಗಿಲನ್ನು ಒಳಗಿರುವವರೇ ತೆರೆಯಬೇಕು.

ಮುತ್ತಿಲ್ಲದೆ ಪದ ಉಳಿದೀತೇ?

ಚೌಡಿಕೆ ಪದದ ಸೊಗಸನ್ನು ಹೊಗಳಿ ಸುಮ್ಮನಾಗುವುದು ಸುಲಭ. ಅದರ ಹಿಂದಿನ ನೋವನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಜೋಗತಿ ಎಂಬ ಹೆಸರು ಎರಡು ಬಗೆಯವರಿಗೆ ಸಲ್ಲುತ್ತದೆ. ಮಂಜಮ್ಮನಂತೆ ಗಂಡಾಗಿ ಹುಟ್ಟಿ ಹೆಣ್ಣಾದವರು ಒಂದು ಬಗೆ. ಎಳವೆಯಲ್ಲಿಯೇ ಮುತ್ತು ಕಟ್ಟಿಸಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳು ಇನ್ನೊಂದು ಬಗೆ. ಈ ಎರಡನೆಯವರು ಹೆಚ್ಚಾಗಿ ದಲಿತ ಮನೆಗಳವರು. ಕೆಂಪು ಬಿಳಿ ಮಣಿಗಳ ಆ ಸರ ಕೊರಳಿಗೆ ಬಿದ್ದ ಮೇಲೆ ಮದುವೆಯಿಲ್ಲ, ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟಕ್ಕೆ ಭರತ ಹುಣ್ಣಿಮೆಯ ದಿನ ಎಷ್ಟೋ ಹುಡುಗಿಯರನ್ನು ಇದಕ್ಕಾಗಿಯೇ ಹತ್ತಿಸಿದ್ದುಂಟು. 1982ರಲ್ಲಿ ಕರ್ನಾಟಕ ದೇವದಾಸಿ ನಿಷೇಧ ಶಾಸನ ತಂದಿತು. ಆದರೂ 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿಯರು ಒಟ್ಟು 46 ಸಾವಿರಕ್ಕೂ ಹೆಚ್ಚು.

ಮುತ್ತು ಕಟ್ಟುವುದು ನಿಲ್ಲಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಪದವನ್ನು ಕಾಪಾಡಿದವರು ಮುತ್ತು ಕಟ್ಟಿಸಿಕೊಂಡವರೇ. ಬೇಡಿ ಉಣ್ಣಲು ಹೊರಟಾಗ ಕೈಯಲ್ಲಿದ್ದದ್ದು ಪಡಲಗಿ, ಬಾಯಲ್ಲಿದ್ದದ್ದು ಪದ. ಆ ಪದ್ಧತಿ ಅಳಿದ ಮೇಲೆ ಪದವನ್ನು ಯಾರು ಹಾಡಬೇಕು? ದೇವದಾಸಿಯರ ಮಕ್ಕಳು ಓದಿ ಶಿಕ್ಷಕರೋ ನರ್ಸ್‌ಗಳೋ ಆಗಿ ಚೌಡಿಕೆಯನ್ನು ಮುಟ್ಟಲೊಲ್ಲೆ ಎಂದರೆ ಅವರನ್ನು ತಪ್ಪೆನ್ನಲಾಗದು. ತಾಯಿಯ ಕೊರಳನ್ನು ಬಿಗಿದ ಹಗ್ಗದ ಇನ್ನೊಂದು ತುದಿಯಂತೆ ಅವರಿಗೆ ಆ ವಾದ್ಯ ಕಾಣಿಸಬಹುದು.

ಈ ಪ್ರಶ್ನೆಗೆ ಉತ್ತರ ಈಗಾಗಲೇ ಅಲ್ಲಲ್ಲಿ ಕಾಣಿಸುತ್ತಿದೆ. ಮುತ್ತು ಕಟ್ಟಿಸಿಕೊಳ್ಳದ ಕಾಲೇಜು ಹುಡುಗ ಹುಡುಗಿಯರು ಯುವಜನೋತ್ಸವಗಳಲ್ಲಿ ಜೋಗತಿ ನೃತ್ಯ ಮಾಡುತ್ತಿದ್ದಾರೆ. ಕರ್ನಾಟಕ ಸಂಗೀತದ ಟಿ. ಎಂ. ಕೃಷ್ಣ ಅವರು ಜೋಗಪ್ಪಗಳೊಂದಿಗೆ ಒಂದೇ ವೇದಿಕೆಯಲ್ಲಿ ಕುಳಿತು ಹಾಡಿದ್ದಾರೆ. ಹರಕೆಯಾಗಿದ್ದ ಕಲೆ ವಿದ್ಯೆಯಾಗಿ ಬದಲಾದರೆ, ಬೇಕೆಂದವರು ಕಲಿಯಬಹುದು, ಬೇಡವೆಂದವರು ಬಿಡಬಹುದು. ಆ ಆಯ್ಕೆಯೇ ಹಿಂದೆ ಇರಲಿಲ್ಲ.

ಆದರೂ ಒಂದು ಕೊರತೆ ಉಳಿಯುತ್ತದೆ. ವೇದಿಕೆಗೆ ಹೋದದ್ದು ಕೊಡ. ಪದ ಇನ್ನೂ ಅಂಗಳದಲ್ಲಿಯೇ ಉಳಿದಿದೆ. ಧ್ವನಿಮುದ್ರಿಕೆ ಹಾಕಿ ಏಳೆಂಟು ನಿಮಿಷ ಕೊಡ ಕುಣಿಸುವುದನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ರಾತ್ರಿಯಿಡೀ ಹಾಡುವ ಕಥೆಯನ್ನು ಕಲಿಯಲು ಹಾಡುವವರ ಪಕ್ಕದಲ್ಲಿ ವರ್ಷಗಟ್ಟಲೆ ಕೂರಬೇಕು, ಪದೇ ಪದೇ ಕೇಳಬೇಕು, ತಿಳಿಯದ್ದನ್ನು ಪ್ರಶ್ನಿಸಬೇಕು. ಕೇಳುವವರಿಲ್ಲದ ಊರಿನಲ್ಲಿ ಹಾಡುವವರ ನೆನಪು ಮೊದಲು ಮೊಟಕಾಗುತ್ತದೆ, ಆಮೇಲೆ ಮಾಸುತ್ತದೆ. ಹಾಗಾಗಿ ಇಲ್ಲಿ ಕೇಳುಗನೂ ಮೇಳದ ಒಬ್ಬ ಸದಸ್ಯನೇ.

ಹೋಗಿ ಕೇಳುವವರಿಗೆ

ರಜೆಯಲ್ಲಿ ಹಂಪಿ ನೋಡಲು ಬರುವ ಕುಟುಂಬಗಳಿಗೆ ಈ ಸೀಮೆ ದೂರವಲ್ಲ. ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳಿಗೆ ಬಸ್ಸುಗಳು ಬೇಕಾದಷ್ಟಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜನಪದ ಕಾವ್ಯಗಳ ಸಂಗ್ರಹ, ಪ್ರಕಟಣೆಯಲ್ಲಿ ದೊಡ್ಡ ಕೆಲಸ ಮಾಡಿದೆ. ಅಲ್ಲಿನ ಪುಸ್ತಕ ಮಳಿಗೆಯಲ್ಲಿ ಒಂದೆರಡು ಕೊಂಡು ಓದಿಕೊಂಡರೆ ಪದದ ಜಾಡು ಹಿಡಿಯುವುದು ಸುಲಭ. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಮೇಳಗಳು ಸಿಗುವ ಸಂಭವ ಹೆಚ್ಚು.

ಶಾಲೆ ಕಾಲೇಜುಗಳು ವಾರ್ಷಿಕೋತ್ಸವಕ್ಕೆ ಮೇಳವನ್ನು ಕರೆಸುವಾಗ ಹತ್ತು ನಿಮಿಷದ ಕುಣಿತಕ್ಕೆ ಮುಗಿಸದೆ, ಮಾರನೆಯ ಬೆಳಿಗ್ಗೆ ಒಂದು ತರಗತಿಯಲ್ಲಿ ಎರಡು ಗಂಟೆ ಕೂರಿಸಬಹುದು. ಬೆಂಚುಗಳನ್ನು ಬದಿಗೆ ಸರಿಸಿ ಚಾಪೆ ಹಾಸಿದರಾಯಿತು. ಗೌರವಧನವನ್ನು ಮೊದಲೇ ಮಾತಾಡಿ, ಹೋಗುವಾಗ ಕೈಗೆ ಕೊಡಬೇಕು. ಕಲೆ ಹರಕೆಯಲ್ಲ, ದುಡಿಮೆ ಎಂಬುದು ಮಕ್ಕಳಿಗೆ ಅಲ್ಲಿಯೇ ತಿಳಿಯಲಿ. ಮೊಬೈಲುಗಳು ಚೀಲದಲ್ಲಿರಲಿ. ಮುದ್ರಿಸಿಕೊಳ್ಳುವುದಿದ್ದರೆ ಕೇಳಿಯೇ ಮುದ್ರಿಸಿಕೊಳ್ಳಬೇಕು. ಮೊದಲು ಪದ ಮುಗಿಯಲಿ. ಆಮೇಲೆ ಹಾಡಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು ಕೇಳಿ ಬರೆದುಕೊಳ್ಳಬೇಕು. ಪಠ್ಯಪುಸ್ತಕದಲ್ಲಿ ಜನಪದ ಗೀತೆಯ ಕೆಳಗೆ ಕವಿಯ ಹೆಸರಿರುವುದಿಲ್ಲ. ಎದುರಿಗೆ ಕುಳಿತು ಹಾಡಿದವರಿಗೆ ಮಾತ್ರ ಹೆಸರಿದೆ, ಊರಿದೆ, ಗುರುವಿದ್ದಾರೆ. ಅಷ್ಟನ್ನು ಕೇಳಿ ತಿಳಿದರೂ ಒಂದು ಪಾಠ ಕಲಿತಂತೆಯೇ.